ಸದ್ದು ಬರ್ತಿಲ್ವಾ? ಫಾರ್ಮ್ಯಾಟ್ ಹೊಡೆಯೋ ಮೊದಲು ಇದನ್ನ ಓದಿ

ಡೆಸ್ಕ್‌ಟಾಪ್‌ನಲ್ಲಿ ಸದ್ದು ನಿಂತುಹೋದರೆ ಹಾಸ್ಟೆಲ್‌ನಲ್ಲಿ ಸಿಗುವ ಸಲಹೆ ಮೂರೇ ಮೂರು. ರಿಸ್ಟಾರ್ಟ್ ಮಾಡು. ಡ್ರೈವರ್ ಹಾಕು. ಫಾರ್ಮ್ಯಾಟ್ ಹೊಡಿ ಮಗಾ. ಮೊದಲನೆಯದು ಒಳ್ಳೆಯ ಸಲಹೆ. ಎರಡನೆಯದು ಕೆಲವು ಸಲ ಸರಿ. ಮೂರನೆಯದನ್ನ ಕಳೆದ ಸೆಮಿಸ್ಟರ್ ನಮ್ಮ ಫ್ಲೋರ್‌ನ ಗೆಳೆಯನೊಬ್ಬ ಚಾಚೂ ತಪ್ಪದೆ ಪಾಲಿಸಿದ. ಸ್ಕ್ರೀನ್ ಮೇಲೆ ಇಟ್ಟಿದ್ದ ಮಿನಿ ಪ್ರಾಜೆಕ್ಟ್ ಫೋಲ್ಡರ್ ಹೋಯ್ತು, ಲ್ಯಾಬ್ ರೀಡಿಂಗ್ಸ್ ಹೋಯ್ತು, ಊರಿನ ಹಬ್ಬದ ಫೋಟೋಗಳೂ ಹೋದವು. ಸದ್ದು ಮಾತ್ರ ಬರಲಿಲ್ಲ. ಯಾಕಂದ್ರೆ ತೊಂದರೆ ವಿಂಡೋಸ್‌ನಲ್ಲಿ ಇರಲೇ ಇಲ್ಲ. ಸ್ಪೀಕರ್‌ಗೆ ಕರೆಂಟ್ ಕೊಡುವ ಅಡಾಪ್ಟರ್ ಸುಟ್ಟಿತ್ತು.

ಸದ್ದು ಹೋದರೆ ಹಾಡು ಕೇಳೋಕಾಗಲ್ಲ, ಅಷ್ಟೇ ತಾನೇ ಅನ್ನಬೇಡಿ. ಎನ್‌ಪಿಟಿಇಎಲ್ ಪಾಠ ಇರುತ್ತೆ, ಸಂಜೆ ಏಳಕ್ಕೆ ಇಂಟರ್ನ್‌ಶಿಪ್ ಇಂಟರ್‌ವ್ಯೂ ಇರುತ್ತೆ. ಆ ಹೊತ್ತಿನಲ್ಲಿ ಗಾಬರಿಯಿಂದ ಕೈಗೆ ಸಿಕ್ಕ ಬಟನ್ ಒತ್ತುತ್ತಾ ಹೋದರೆ ಒಂದು ತೊಂದರೆ ಇದ್ದದ್ದು ನಾಲ್ಕಾಗುತ್ತೆ. ಈ ಲೇಖನದಲ್ಲಿ ನಾವು ಹೇಳೋಕೆ ಹೊರಟಿರೋದು ಇಷ್ಟು: ‘ಸದ್ದು ಇಲ್ಲ’ ಅನ್ನೋದು ಬರೀ ಲಕ್ಷಣ, ಜ್ವರದ ಹಾಗೆ. ಮಾತ್ರೆ ನುಂಗೋದಕ್ಕೂ ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕಬೇಕು. ಹುಡುಕೋಕೆ ಒಂದು ಕ್ರಮ ಇದೆ, ಅದು ನಾವೆಲ್ಲ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದಿ ಮಾರ್ಕ್ಸ್ ತಗೊಂಡಿರೋ ಕ್ರಮವೇ.

ಸದ್ದು ಬರುವ ದಾರಿ

ನೀವು ಒಂದು ಹಾಡು ಪ್ಲೇ ಮಾಡಿದಿರಿ ಅಂತಿಟ್ಟುಕೊಳ್ಳಿ. ಬ್ರೌಸರ್ರೋ ವಿಎಲ್‌ಸಿಯೋ ಆ ಫೈಲನ್ನು ಬಿಚ್ಚಿ ಅಂಕಿಗಳ ಸಾಲಾಗಿ ಮಾಡುತ್ತೆ. ಸೆಕೆಂಡಿಗೆ 44,100 ಅಥವಾ 48,000 ಅಂಕಿ, ಎಡಗಿವಿಗೆ ಒಂದು ಸಾಲು, ಬಲಗಿವಿಗೆ ಒಂದು ಸಾಲು. ವಿಂಡೋಸ್ ಒಳಗಿನ ಆಡಿಯೋ ಎಂಜಿನ್ ಎಲ್ಲಾ ಆ್ಯಪ್‌ಗಳಿಂದ ಬಂದ ಸಾಲುಗಳನ್ನ ಕೂಡಿಸಿ ಒಂದು ಮಾಡುತ್ತೆ. ಹಾಡಿನ ನಡುವೆ ವಾಟ್ಸ್‌ಆ್ಯಪ್‌ನ ಟಿಂಗ್ ಕೂಡ ಕೇಳಿಸೋದು ಈ ಕೂಡುವ ಲೆಕ್ಕದಿಂದಲೇ. ಕೂಡಿಸಿದ್ದನ್ನು ಎಲ್ಲಿಗೆ ಕಳಿಸಬೇಕು? ಅದಕ್ಕೆ ‘ಡೀಫಾಲ್ಟ್ ಡಿವೈಸ್’ ಅಂತ ಒಂದು ಆಯ್ಕೆ ಇರುತ್ತೆ. ಅಲ್ಲಿಂದ ಡ್ರೈವರ್. ಇದಕ್ಕೆ ಚಾಲಕ ಅಂತ ಬರೆಯೋಣ ಅಂದುಕೊಂಡೆವು, ಆದರೆ ಹಾಗಂದ ಕೂಡಲೇ ಬಿಎಂಟಿಸಿ ಬಸ್ಸೇ ನೆನಪಾಗುತ್ತೆ, ಆದ್ದರಿಂದ ಡ್ರೈವರ್ ಅಂತಾನೇ ಇರಲಿ. ಡ್ರೈವರ್ ಆ ಅಂಕಿಗಳನ್ನ ಮದರ್‌ಬೋರ್ಡ್ ಮೇಲಿರುವ ಕೋಡೆಕ್ ಅನ್ನೋ ಚಿಪ್ಪಿಗೆ ತಲುಪಿಸುತ್ತೆ. ಇಲ್ಲಿ ಅಂಕಿ ವೋಲ್ಟೇಜ್ ಆಗುತ್ತೆ. ವೋಲ್ಟೇಜ್ ಹಿಂದಿನ ಹಸಿರು ತೂತಿಗೆ ಬರುತ್ತೆ, ವೈರಿನಲ್ಲಿ ಹರಿಯುತ್ತೆ, ಸ್ಪೀಕರ್ ಒಳಗಿನ ಆಂಪ್ಲಿಫೈಯರ್ ಅದನ್ನ ದೊಡ್ಡದು ಮಾಡಿ ಕೋನನ್ನು ಅಲುಗಾಡಿಸುತ್ತೆ.

ಆ ಚಿಪ್ಪನ್ನ ನೀವೇ ನೋಡಬಹುದು. ಕ್ಯಾಬಿನೆಟ್ ತೆರೆದರೆ, ಆಡಿಯೋ ತೂತುಗಳ ಹತ್ತಿರ ಚೌಕಾಕಾರದ ಪುಟ್ಟ ಚಿಪ್ ಒಂದು ಇರುತ್ತೆ. ಬಹಳಷ್ಟು ಬೋರ್ಡ್‌ಗಳಲ್ಲಿ ಅದು ತೈವಾನಿನ ರಿಯಲ್‌ಟೆಕ್ ಕಂಪನಿಯದು. ಮೇಲೆ ಏಡಿಯ ಚಿತ್ರ, ಪಕ್ಕದಲ್ಲಿ ಎಎಲ್‌ಸಿ ಅಂತ ಶುರುವಾಗುವ ನಂಬರ್. 1997ರಲ್ಲಿ ಇಂಟೆಲ್ ತಂದ ಎಸಿ 97 ಅನ್ನೋ ಪದ್ಧತಿ, ಆಮೇಲೆ 2004ರಲ್ಲಿ ಅದರ ಜಾಗಕ್ಕೆ ಬಂದ ಎಚ್‌ಡಿ ಆಡಿಯೋ, ಇವೆರಡರಿಂದ ಬೇರೆ ಸೌಂಡ್ ಕಾರ್ಡ್ ಕೊಳ್ಳುವ ಅಗತ್ಯವೇ ಹೆಚ್ಚಿನವರಿಗೆ ಇಲ್ಲವಾಯ್ತು. ನಮ್ಮ ಡೆಸ್ಕ್‌ಟಾಪ್‌ಗಳು ಈಗಲೂ ಎಚ್‌ಡಿ ಆಡಿಯೋ ಮೇಲೇ ನಡೀತಿವೆ.

ಈಗ ಎಣಿಸಿ: ಆ್ಯಪ್, ವಿಂಡೋಸ್ ಮಿಕ್ಸರ್, ಡೀಫಾಲ್ಟ್ ಆಯ್ಕೆ, ಡ್ರೈವರ್, ಚಿಪ್, ತೂತು, ವೈರು, ಸ್ಪೀಕರ್. ಎಂಟು ಕೊಂಡಿ. ಒಂದು ಕಳಚಿದರೂ ಸದ್ದು ಇಲ್ಲ. ಒಂದನೇ ಕೊಂಡಿಯಿಂದ ಶುರುಮಾಡಿ ಒಂದೊಂದನ್ನೇ ನೋಡುತ್ತಾ ಹೋದರೆ ಅದು ಲೀನಿಯರ್ ಸರ್ಚ್. ನಡುವೆ ಒಂದು ಕಡೆ ನೋಡಿ, ‘ಇಲ್ಲಿವರೆಗೆ ಸದ್ದು ಬಂದಿದೆಯಾ?’ ಅಂತ ಕೇಳಿದರೆ ಅರ್ಧ ಕೊಂಡಿಗಳು ಒಂದೇ ಏಟಿಗೆ ಅನುಮಾನದಿಂದ ಪಾರಾಗುತ್ತವೆ. ಬೈನರಿ ಸರ್ಚ್. ಎಂಟು ಕೊಂಡಿಗೆ ಮೂರು ಪ್ರಶ್ನೆ ಸಾಕು. ನಿಜಜೀವನದಲ್ಲಿ ಮೂರರ ಜಾಗದಲ್ಲಿ ಐದಾಗಬಹುದು, ಆದರೂ ಫಾರ್ಮ್ಯಾಟ್‌ಗಿಂತ ಬೇಗ.

ಬೆರಳಿನ ಪರೀಕ್ಷೆ

ಮೊದಲ ಪ್ರಶ್ನೆ ಕೇಳಬೇಕಾದ ಜಾಗ ಹಿಂದಿನ ಹಸಿರು ತೂತು. ಅದರ ಆಚೆಗೆ ವೈರು, ಸ್ಪೀಕರ್. ಈಚೆಗೆ ಇಡೀ ಕಂಪ್ಯೂಟರ್. ಲೆಕ್ಕದಲ್ಲಿ ಇದು ಸರಿಯಾಗಿ ನಡುಮಧ್ಯ ಅಲ್ಲ, ಆದರೆ ಪರೀಕ್ಷೆ ಇಲ್ಲಿ ಬಹಳ ಸುಲಭ, ಅದಕ್ಕೇ ಇಲ್ಲಿಂದ ಶುರು.

ಸ್ಪೀಕರ್ ಆನ್ ಇರಲಿ, ಅದರ ವಾಲ್ಯೂಮ್ ತಿರುಗುಗುಂಡಿ ಕಾಲುಭಾಗಕ್ಕೆ ಇರಲಿ. ಹಸಿರು ತೂತಿನಿಂದ 3.5 ಮಿಲಿಮೀಟರ್ ಪಿನ್ ಹೊರಗೆ ಎಳೆಯಿರಿ. ಈಗ ಆ ಪಿನ್ನಿನ ತುದಿಯನ್ನ ಬೆರಳಿನಿಂದ ಮುಟ್ಟಿ. ಸ್ಪೀಕರ್‌ನಿಂದ ‘ಗುಂಯ್...’ ಅಂತ ಸದ್ದು ಬಂದರೆ ವೈರು, ಆಂಪ್ಲಿಫೈಯರ್, ಸ್ಪೀಕರ್ ಮೂರೂ ಬದುಕಿವೆ. ಬಾರದಿದ್ದರೆ ಗುಂಡಿಯನ್ನ ಸ್ವಲ್ಪ ಸ್ವಲ್ಪವೇ ಏರಿಸಿ ಮತ್ತೆ ಮುಟ್ಟಿ ನೋಡಿ.

ಇದು ಮ್ಯಾಜಿಕ್ ಅಲ್ಲ. ಗೋಡೆಯೊಳಗೆ, ಟೇಬಲ್ ಕೆಳಗಿನ ಎಕ್ಸ್‌ಟೆನ್ಶನ್ ಬೋರ್ಡ್‌ನಲ್ಲಿ ಎಲ್ಲಾ ಕಡೆ 230 ವೋಲ್ಟ್, 50 ಹರ್ಟ್ಸ್ ಕರೆಂಟ್ ಹರೀತಿರುತ್ತೆ. ಆ ವೈರುಗಳಿಗೂ ನಮ್ಮ ಮೈಗೂ ನಡುವೆ ಇರುವ ಗಾಳಿಯೇ ಒಂದು ಪುಟ್ಟ ಕೆಪಾಸಿಟರ್ ಥರ ಕೆಲಸ ಮಾಡುತ್ತೆ. ಹಾಗಾಗಿ ಮೈಯಲ್ಲಿ ತೀರಾ ಸಣ್ಣ 50 ಹರ್ಟ್ಸ್ ಸಿಗ್ನಲ್ ಸದಾ ಇರುತ್ತೆ. ಆಂಪ್ಲಿಫೈಯರ್‌ನ ಇನ್‌ಪುಟ್ ಇಂಪೀಡೆನ್ಸ್ ಜಾಸ್ತಿ ಇರೋದರಿಂದ ಅಷ್ಟು ಸಣ್ಣ ಸಿಗ್ನಲ್ ಕೂಡ ಸದ್ದಾಗಿ ಹೊರಬರುತ್ತೆ. ಅಂದರೆ ಸಿಗ್ನಲ್ ಜನರೇಟರ್ ಬೇಕಾಗಿಲ್ಲ, ನಾವೇ ಸಿಗ್ನಲ್ ಜನರೇಟರ್. ಒಂದು ಎಚ್ಚರಿಕೆ: ಮುಟ್ಟಬೇಕಾದ್ದು ಆಡಿಯೋ ಪಿನ್ ಮಾತ್ರ. ಗೋಡೆಗೆ ಚುಚ್ಚುವ ಯಾವುದನ್ನೂ ಮುಟ್ಟಬೇಡಿ. ಮತ್ತೆ ಇದು ಕರೆಂಟ್ ತಗೊಂಡು ನಡೆಯುವ ಸ್ಪೀಕರ್‌ಗೆ ಮಾತ್ರ, ಇಯರ್‌ಫೋನ್‌ಗೆ ನಡೆಯಲ್ಲ.

ಗುಂಯ್ ಅನ್ನಲೇ ಇಲ್ಲವೇ? ಹಾಗಾದ್ರೆ ಕಂಪ್ಯೂಟರ್ ಕಡೆ ತಿರುಗಿಯೂ ನೋಡಬೇಡಿ. ಸ್ಪೀಕರ್‌ನ ಲೈಟ್ ಹತ್ತಿದೆಯಾ, ಅಡಾಪ್ಟರ್ ಬಿಸಿಯಾಗಿದೆಯಾ ತಣ್ಣಗೆ ಬಿದ್ದಿದೆಯಾ, ಪಿನ್ನಿನ ಬುಡದಲ್ಲಿ ವೈರು ಮುರಿದಿದೆಯಾ ನೋಡಿ. ವೈರುಗಳು ಸಾಯೋದು ಹೆಚ್ಚಾಗಿ ಬುಡದಲ್ಲೇ. ನಮ್ಮ ಫಾರ್ಮ್ಯಾಟ್ ವೀರನಿಗೆ ಈ ಬೆರಳಿನ ಪರೀಕ್ಷೆ ಯಾರಾದ್ರೂ ಹೇಳಿಕೊಟ್ಟಿದ್ರೆ ಅವನ ಪ್ರಾಜೆಕ್ಟ್ ಉಳೀತಿತ್ತು.

ಅಗ್ಗದ ಸ್ಪೀಕರ್‌ಗಳಲ್ಲಿ ಇನ್ನೊಂದು ಗೊಂದಲ ಇದೆ. ಎರಡು ವೈರು ಬರುತ್ತವೆ, ಒಂದು ಯುಎಸ್‌ಬಿ, ಒಂದು 3.5 ಮಿಲಿಮೀಟರ್ ಪಿನ್. ಯುಎಸ್‌ಬಿ ಹಾಕಿದೆ, ಲೈಟ್ ಹತ್ತಿತು, ಇನ್ನು ಸದ್ದು ಬರಬೇಕು ಅಂತ ಕಾಯುವವರು ಇದ್ದಾರೆ. ಇಂಥವುಗಳಲ್ಲಿ ಯುಎಸ್‌ಬಿ ಕೊಡೋದು ಬರೀ 5 ವೋಲ್ಟ್ ಕರೆಂಟು. ಸದ್ದು ಬರೋದು ಪಿನ್ನಿನಿಂದ. ಎರಡನ್ನೂ ಹಾಕಬೇಕು.

ಸ್ಪೀಕರ್ ಗುಂಯ್ ಅಂದಿತು, ಆದರೂ ಹಾಡು ಬರ್ತಿಲ್ಲ ಅಂದ್ರೆ ಪಕ್ಕದ ರೂಮಿನಿಂದ ಒಂದು ಇಯರ್‌ಫೋನ್ ತಂದು ಅದೇ ಹಸಿರು ತೂತಿಗೆ ಚುಚ್ಚಿ. ಬಣ್ಣ ಗಮನಿಸಿ. ಹಸಿರು ಹೊರಹೋಗುವ ಸದ್ದಿಗೆ, ಗುಲಾಬಿ ಮೈಕ್‌ಗೆ, ನೀಲಿ ಹೊರಗಿನಿಂದ ಒಳಬರುವ ಸದ್ದಿಗೆ. ಮೈಕ್ರೋಸಾಫ್ಟ್, ಇಂಟೆಲ್ ಸೇರಿ ಹೊರಡಿಸಿದ ಪಿಸಿ 99 ಮಾರ್ಗಸೂಚಿಯ ಕಾಲದಿಂದ ಈ ಬಣ್ಣಗಳು ಹೆಚ್ಚುಕಡಿಮೆ ಹೀಗೇ ಇವೆ. ಟೇಬಲ್ ಕೆಳಗೆ ಕತ್ತಲಲ್ಲಿ ಕೈಯಾಡಿಸಿ ಚುಚ್ಚಿದರೆ ಹಸಿರಿನದು ನೀಲಿಗೆ ಹೋಗೋದು ದೊಡ್ಡ ಮಾತಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಕೆಲವು ಹೊಸ ಬೋರ್ಡ್‌ಗಳಲ್ಲಿ ಮೂರೂ ಕಪ್ಪು, ಪಕ್ಕದಲ್ಲಿ ಸಣ್ಣ ಚಿತ್ರ ಮಾತ್ರ.

ಹಾಡಿನಲ್ಲಿ ವಾದ್ಯ ಕೇಳಿಸುತ್ತೆ, ಗಾಯಕರ ದನಿಯೇ ಇಲ್ಲ, ಹೀಗೂ ಆಗುತ್ತೆ. ಇದು ನಮಗೆ ಬಹಳ ಇಷ್ಟದ ದೋಷ. ಇಯರ್‌ಫೋನ್ ಪಿನ್ನಿನಲ್ಲಿ ತುದಿ ಎಡ ಕಿವಿಗೆ, ನಡುವಿನ ಉಂಗುರ ಬಲ ಕಿವಿಗೆ, ಬುಡ ಗ್ರೌಂಡ್‌ಗೆ. ಪಿನ್ ಪೂರ್ತಿ ಒಳಗೆ ಹೋಗದೆ, ಅಥವಾ ವೈರು ಮುರಿದು, ಗ್ರೌಂಡ್ ಕಳಚಿಕೊಂಡರೆ ಎರಡೂ ಕಿವಿಯ ಸುರುಳಿಗಳು ಸೀರೀಸ್‌ನಲ್ಲಿ ಬರುತ್ತವೆ. ಒಂದು ತುದಿಯಲ್ಲಿ ಎಡದ ವೋಲ್ಟೇಜ್, ಇನ್ನೊಂದು ತುದಿಯಲ್ಲಿ ಬಲದ ವೋಲ್ಟೇಜ್. ಸುರುಳಿಗಳಿಗೆ ಸಿಗೋದು ಅವೆರಡರ ವ್ಯತ್ಯಾಸ ಮಾತ್ರ. ಸಿನಿಮಾ ಹಾಡುಗಳಲ್ಲಿ ಗಾಯಕರ ದನಿಯನ್ನ ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಇಟ್ಟಿರುತ್ತಾರೆ. ಸಮದಲ್ಲಿ ಸಮ ಕಳೆದರೆ ಸೊನ್ನೆ. ದನಿ ಮಾಯ, ಕೊಳಲು ತಬಲ ಉಳೀತು. ಮೊದಲ ವರ್ಷ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಕಿರ್ಚಾಫ್‌ನ ನಿಯಮ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳಿದವರಿಗೆ ಇದು ಉತ್ತರ. ಪಿನ್ ಗಟ್ಟಿಯಾಗಿ ಒತ್ತಿ, ದನಿ ವಾಪಸ್ ಬರುತ್ತೆ.

ಹಸಿರು ಪಟ್ಟಿ ಕುಣೀತಿದೆಯಾ?

ಹಸಿರು ತೂತಿನಲ್ಲಿ ಒಳ್ಳೆ ಇಯರ್‌ಫೋನ್ ಹಾಕಿದರೂ ಮೌನ ಅಂದ್ರೆ ತೊಂದರೆ ಕಂಪ್ಯೂಟರ್ ಕಡೆ ಇದೆ. ಉಳಿದ ಅರ್ಧವನ್ನ ಮತ್ತೆ ಅರ್ಧ ಮಾಡೋಣ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಡಬ್ಬಿಯಲ್ಲಿ ಇಂಗ್ಲಿಷಿನ ಎಂ, ಎಂ, ಎಸ್, ವೈ, ಎಸ್, ಆಮೇಲೆ ಒಂದು ಚುಕ್ಕಿ, ಆಮೇಲೆ ಸಿ, ಪಿ, ಎಲ್ ಅಂತ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ಹಳೇ ಕಾಲದ ಸೌಂಡ್ ಕಿಟಕಿ ತೆರೆಯುತ್ತೆ. ವಿಂಡೋಸ್ 10, 11 ಎರಡರಲ್ಲೂ ಇದು ಇದೆ, ಹೊಸ ಸೆಟ್ಟಿಂಗ್ಸ್ ಪುಟಕ್ಕಿಂತ ಇದೇ ನಮಗೆ ಇಷ್ಟ, ಎಲ್ಲಾ ಒಂದೇ ಕಡೆ ಕಾಣುತ್ತೆ.

ಹಾಡು ಓಡ್ತಾ ಇರಲಿ. ಪ್ಲೇಬ್ಯಾಕ್ ಅನ್ನೋ ಪಟ್ಟಿಯಲ್ಲಿ ಒಂದೊಂದು ಸಾಧನದ ಪಕ್ಕ ಏಣಿ ಥರ ಒಂದು ಮೀಟರ್ ಇರುತ್ತೆ. ಅದು ಹಸಿರಾಗಿ ಕುಣೀತಿದೆಯಾ? ಕುಣೀತಿದ್ದರೆ ಆ್ಯಪ್ ಸರಿ ಇದೆ, ಮಿಕ್ಸರ್ ಸರಿ ಇದೆ, ಸದ್ದು ಆ ಸಾಧನದ ಕಡೆ ಹೋಗ್ತಾ ಇದೆ. ಯಾವ ಸಾಧನದ ಪಕ್ಕ ಕುಣೀತಿದೆ ಅನ್ನೋದೇ ಈಗಿನ ಪ್ರಶ್ನೆ.

ನಮ್ಮ ಕನ್ನಡ ಸಂಘದ ರೂಮಿನ ಕಂಪ್ಯೂಟರ್‌ನಲ್ಲಿ ಆಗಿದ್ದು ಇದೇ. ರಾಜ್ಯೋತ್ಸವದ ನಾಟಕದ ರೆಕಾರ್ಡಿಂಗ್ ಎಡಿಟ್ ಮಾಡಬೇಕು, ಕಾರ್ಯಕ್ರಮಕ್ಕೆ ಎರಡೇ ದಿನ ಬಾಕಿ, ಸದ್ದಿಲ್ಲ. ಹಿಂದಿನ ವಾರವಷ್ಟೇ ಸೀನಿಯರ್ ಒಬ್ಬರು ತಮ್ಮ ಹಳೇ ಗ್ರಾಫಿಕ್ಸ್ ಕಾರ್ಡ್ ಕೊಟ್ಟಿದ್ದರು. ಪಟ್ಟಿ ನೋಡಿದರೆ ಹಸಿರು ಮೀಟರ್ ಮಾನಿಟರ್ ಹೆಸರಿನ ಪಕ್ಕ ಸಂಭ್ರಮದಿಂದ ಕುಣೀತಿತ್ತು. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ವೈರುಗಳಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತೆ. ಹೊಸ ಕಾರ್ಡ್ ಬಂದಾಗ ವಿಂಡೋಸ್ ಕೆಲವೊಮ್ಮೆ ಅದನ್ನೇ ಡೀಫಾಲ್ಟ್ ಮಾಡಿಬಿಡುತ್ತೆ. ಆ ಮಾನಿಟರ್‌ಗೆ ಸ್ಪೀಕರೇ ಇಲ್ಲ, ಪಾಪ. ಇಡೀ ನಾಟಕ ಮೂಕ ಮಾನಿಟರ್ ಒಳಗೆ ನಡೀತಾ ಇತ್ತು. ಪಟ್ಟಿಯಲ್ಲಿ ರಿಯಲ್‌ಟೆಕ್ ಅಂತ ಇರುವ ಸ್ಪೀಕರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಟ್ ಆ್ಯಸ್ ಡೀಫಾಲ್ಟ್ ಡಿವೈಸ್’ ಕೊಟ್ಟರೆ ಮುಗೀತು. ಡೆಸ್ಕ್‌ಟಾಪ್‌ನಲ್ಲಿ ಸದ್ದು ಮಾಯವಾಗೋಕೆ ನಾವು ಕಂಡ ಹಾಗೆ ಇದೇ ನಂಬರ್ ಒನ್ ಕಾರಣ. ಸ್ಪೀಕರ್ಸ್ ಪಟ್ಟಿಯಲ್ಲೇ ಇಲ್ಲದಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಶೋ ಡಿಸೇಬಲ್ಡ್ ಡಿವೈಸಸ್’ ಆರಿಸಿ. ಯಾರೋ ಯಾವಾಗಲೋ ಆಫ್ ಮಾಡಿದ್ದರೆ ಮಂಕಾಗಿ ಕಾಣಿಸಿಕೊಳ್ಳುತ್ತೆ, ಎನೇಬಲ್ ಮಾಡಿ.

ಮೀಟರ್ ಯಾವ ಸಾಧನದ ಪಕ್ಕದಲ್ಲೂ ಕುಣೀತಿಲ್ಲ ಅಂದರೆ ಸದ್ದು ಆ್ಯಪ್‌ನಿಂದಲೇ ಹೊರಟಿಲ್ಲ. ಬ್ರೌಸರ್ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯೂಟ್ ಆಗಿದೆಯಾ ನೋಡಿ. ವಾಲ್ಯೂಮ್ ಮಿಕ್ಸರ್ ತೆರೆದು ಆ ಆ್ಯಪ್‌ನ ಗೆರೆ ಕೆಳಗೆ ಬಿದ್ದಿದೆಯಾ ನೋಡಿ. ವಿಂಡೋಸ್ ಇದನ್ನ ಒಂದೊಂದು ಆ್ಯಪ್‌ಗೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತೆ, ಹೋದ ತಿಂಗಳು ಇಳಿಸಿದ್ದು ಇವತ್ತೂ ಇಳಿದೇ ಇರುತ್ತೆ. ಝೂಮ್, ಟೀಮ್ಸ್, ಡಿಸ್ಕಾರ್ಡ್ ಇವಕ್ಕೆಲ್ಲ ತಮ್ಮದೇ ಸ್ಪೀಕರ್ ಆಯ್ಕೆ ಇರುತ್ತೆ. ವಿಂಡೋಸ್‌ನಲ್ಲಿ ಎಷ್ಟೇ ಸರಿ ಮಾಡಿದರೂ ಅಲ್ಲಿ ಹಳೇ ಬ್ಲೂಟೂತ್ ಹೆಡ್‌ಸೆಟ್ ಆರಿಸಿದ್ದರೆ ಇಂಟರ್‌ವ್ಯೂ ಮಾಡೋರ ದನಿ ನಿಮಗೆ ಕೇಳಿಸಲ್ಲ. ಇಂಟರ್‌ವ್ಯೂಗೆ ಹತ್ತು ನಿಮಿಷ ಮೊದಲು ಅಲ್ಲಿನ ಟೆಸ್ಟ್ ಸ್ಪೀಕರ್ ಬಟನ್ ಒತ್ತಿ ನೋಡೋದು ಒಳ್ಳೇದು.

ಟಾಸ್ಕ್‌ಬಾರ್‌ನ ಸ್ಪೀಕರ್ ಚಿತ್ರದ ಮೇಲೆ ಕೆಂಪು ಗುರುತು ಇದ್ದರೆ ದಾರಿ ಬೇರೆ. ಸರ್ವಿಸಸ್ ಕಿಟಕಿಯಲ್ಲಿ ವಿಂಡೋಸ್ ಆಡಿಯೋ, ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್ ಎರಡೂ ‘ರನ್ನಿಂಗ್’ ಇರಬೇಕು. ಇಲ್ಲದಿದ್ದರೆ ಸ್ಟಾರ್ಟ್ ಕೊಡಿ. ಕಂಪ್ಯೂಟರ್ ರಿಸ್ಟಾರ್ಟ್ ಮಾಡೋದಾದರೆ ರಿಸ್ಟಾರ್ಟೇ ಮಾಡಿ, ಶಟ್‌ಡೌನ್ ಮಾಡಿ ಆನ್ ಮಾಡೋದು ಅದಕ್ಕೆ ಸಮ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಹೊತ್ತಿನಲ್ಲಿ ವಿಂಡೋಸ್ ತನ್ನ ಕರ್ನಲ್, ಡ್ರೈವರ್‌ಗಳ ಸ್ಥಿತಿಯನ್ನ ಡಿಸ್ಕ್‌ಗೆ ಬರೆದಿಟ್ಟು ಮರುದಿನ ಅದನ್ನೇ ವಾಪಸ್ ಎತ್ತಿಕೊಳ್ಳುತ್ತೆ. ಕೆಟ್ಟ ಸ್ಥಿತಿ ಕೆಟ್ಟದಾಗೇ ವಾಪಸ್ ಬರುತ್ತೆ. ರಿಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಎಬ್ಬಿಸುತ್ತೆ.

ಡ್ರೈವರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಪ್‌ಡೇಟ್ ಆದ ಮರುದಿನವೇ ಸದ್ದು ಹೋಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್’ ಒತ್ತಿ. ಆಗದಿದ್ದರೆ ಆ ಸಾಧನವನ್ನ ಅನ್‌ಇನ್‌ಸ್ಟಾಲ್ ಮಾಡಿ ರಿಸ್ಟಾರ್ಟ್ ಮಾಡಿ, ವಿಂಡೋಸ್ ತನ್ನದೇ ಸಾಮಾನ್ಯ ಡ್ರೈವರ್ ಹಾಕಿಕೊಳ್ಳುತ್ತೆ. ಹೊಸದು ಬೇಕಾದರೆ ಬೋರ್ಡ್ ತಯಾರಿಸಿದ ಕಂಪನಿಯ ಸೈಟಿನಿಂದಲೇ ತನ್ನಿ. ‘ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಅನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಬೇಡಿ, ಅವು ಜೊತೆಗೆ ಏನೇನು ತರುತ್ತವೋ. ಡಿವೈಸ್ ಮ್ಯಾನೇಜರ್‌ನಲ್ಲಿ ಆನ್‌ಬೋರ್ಡ್ ಆಡಿಯೋ ಹೆಸರೇ ಇಲ್ಲ ಅಂದರೆ ಬಯಾಸ್‌ಗೆ ಹೋಗಿ ಎಚ್‌ಡಿ ಆಡಿಯೋ ಕಂಟ್ರೋಲರ್ ಆಫ್ ಆಗಿದೆಯಾ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನ ಬರೆದಿಟ್ಟುಕೊಳ್ಳಿ. ಐದು ಬದಲಾಯಿಸಿ ಸದ್ದು ಬಂದರೆ ಯಾವುದರಿಂದ ಬಂತು ಅಂತ ಗೊತ್ತಾಗಲ್ಲ, ಮುಂದಿನ ಸಲ ಮತ್ತೆ ಐದೂ ಮಾಡಬೇಕು.

ಪೆನ್‌ಡ್ರೈವ್‌ನ ಸಾಕ್ಷಿ

ಇಷ್ಟೆಲ್ಲಾ ಆದಮೇಲೂ ಮೌನ ಅಂದರೆ ಉಳಿಯೋ ಪ್ರಶ್ನೆ ಒಂದೇ: ತಪ್ಪು ವಿಂಡೋಸ್‌ದಾ, ಹಾರ್ಡ್‌ವೇರ್‌ದಾ? ಫಾರ್ಮ್ಯಾಟ್ ಮಾಡೋರು ಕೇಳೋದೂ ಇದೇ ಪ್ರಶ್ನೆ, ಆದರೆ ಉತ್ತರಕ್ಕೆ ತಮ್ಮ ಫೈಲುಗಳನ್ನ ಫೀಸ್ ಆಗಿ ಕಟ್ಟುತ್ತಾರೆ. ಅದೇ ಉತ್ತರ ಬಿಟ್ಟಿ ಸಿಗುತ್ತೆ. 16 ಜಿಬಿ ಪೆನ್‌ಡ್ರೈವ್ ಒಂದಕ್ಕೆ ಉಬುಂಟು ಹಾಕಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅಳಿಸಿಹೋಗುತ್ತೆ, ಖಾಲಿಯದ್ದೇ ತಗೊಳ್ಳಿ. ಅದರಿಂದ ಬೂಟ್ ಮಾಡಿ, ‘ಇನ್‌ಸ್ಟಾಲ್’ ಅಲ್ಲ, ‘ಟ್ರೈ ಉಬುಂಟು’ ಆರಿಸಿ. ಇದು ರ‍್ಯಾಮ್‌ನಲ್ಲೇ ಓಡುತ್ತೆ, ನೀವಾಗಿ ಇನ್‌ಸ್ಟಾಲ್ ಕೊಡೋವರೆಗೂ ಹಾರ್ಡ್ ಡಿಸ್ಕ್ ತಂಟೆಗೆ ಹೋಗಲ್ಲ. ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ತೆರೆದು ಟೆಸ್ಟ್ ಒತ್ತಿ. ಸದ್ದು ಬಂದರೆ ಚಿಪ್, ತೂತು, ವೈರು, ಸ್ಪೀಕರ್ ಎಲ್ಲಾ ಸರಿ, ತಪ್ಪು ವಿಂಡೋಸ್ ಒಳಗಿದೆ. ಆಗಲೂ ಫಾರ್ಮ್ಯಾಟ್ ಕೊನೆಯ ಮಾತು, ಅದಕ್ಕೂ ಮೊದಲು ಇದೇ ಉಬುಂಟುವಿನಿಂದ ನಿಮ್ಮ ಫೋಲ್ಡರ್‌ಗಳನ್ನ ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿಕೊಳ್ಳಬಹುದು.

ಈಗಾಗಲೇ ಲಿನಕ್ಸ್ ಬಳಸುವವರಿಗೆ ಒಂದು ಮಾತು. ಟರ್ಮಿನಲ್‌ನಲ್ಲಿ ಅಲ್ಸಾಮಿಕ್ಸರ್ ಅಂತ ಕೊಟ್ಟು, ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿ. ಕಂಬದ ಬುಡದಲ್ಲಿ ಎರಡು ಎಂ ಅಕ್ಷರ ಇದ್ದರೆ ಅದು ಮ್ಯೂಟ್ ಅಂತ ಅರ್ಥ, ಕೀಬೋರ್ಡ್‌ನಲ್ಲಿ ಎಂ ಒತ್ತಿದರೆ ತೆರೆದುಕೊಳ್ಳುತ್ತೆ.

ಈ ಪೆನ್‌ಡ್ರೈವ್ ಒಬ್ಬ ಜೂನಿಯರ್‌ನ ದುಡ್ಡು ಉಳಿಸಿದ್ದನ್ನ ಹೇಳಲೇಬೇಕು. ಅವನದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಕೊಡಿಸಿದ್ದು. ಸದ್ದು ಹೋಯ್ತು ಅಂತ ಒಂದು ಅಂಗಡಿಗೆ ಹೊತ್ತುಕೊಂಡು ಹೋದ. ಅಲ್ಲಿ ಐದು ನಿಮಿಷ ನೋಡಿ, ‘ಬೋರ್ಡ್ ಹೋಗಿದೆ, ಚೇಂಜ್ ಮಾಡ್ಬೇಕು’ ಅಂದರು. ಅವನು ಮನೆಗೆ ಫೋನ್ ಮಾಡೋಕೆ ಹಿಂಜರಿದು ನಮ್ಮ ಹತ್ತಿರ ಬಂದ. ‘ಅಣ್ಣ, ಒಂದ್ಸಲ ನೋಡಿ’ ಅಂದ.

ಬೆರಳಿನ ಪರೀಕ್ಷೆಯಲ್ಲಿ ಸ್ಪೀಕರ್ ಪಾಸ್. ವಿಂಡೋಸ್‌ನಲ್ಲಿ ಮೀಟರ್ ಕುಣೀತಿತ್ತು. ಪೆನ್‌ಡ್ರೈವ್‌ನ ಉಬುಂಟುವಿನಲ್ಲೂ ಮೌನ. ಇಲ್ಲಿಗೆ ನಿಲ್ಲಿಸಿದ್ದರೆ ನಾವೂ ಬೋರ್ಡ್ ಹೋಗಿದೆ ಅಂತಲೇ ಹೇಳ್ತಿದ್ದೆವೇನೋ. ಆದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಹೆಡ್‌ಫೋನ್ಸ್’ ಅಂತ ತೋರಿಸ್ತಾ ಇತ್ತು. ಹೆಡ್‌ಫೋನ್ ಹಾಕೇ ಇಲ್ಲವಲ್ಲ!

ತೂತಿನೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತೆ. ಪಿನ್ ಒಳಬಂದಾಗ ಅದು ಬದಲಾಗುತ್ತೆ, ಚಿಪ್ಪಿಗೆ ‘ಯಾರೋ ಬಂದರು’ ಅಂತ ಗೊತ್ತಾಗುತ್ತೆ. ಮುಂಭಾಗದ ಹೆಡ್‌ಫೋನ್ ತೂತಿನಲ್ಲಿ ಪಿನ್ ಇದೆ ಅಂತ ಅನ್ನಿಸಿದರೆ ಹಿಂದಿನ ಸ್ಪೀಕರ್‌ನ ಸದ್ದು ತಾನಾಗೇ ನಿಲ್ಲುವ ಹಾಗೆ ಬಹಳ ಕಡೆ ವ್ಯವಸ್ಥೆ ಇರುತ್ತೆ. ಅವನ ಮುಂಭಾಗದ ತೂತಿನ ಸ್ವಿಚ್ ಧೂಳಿಗೋ ತುಕ್ಕಿಗೋ ಅಂಟಿಕೊಂಡು ಕೂತಿತ್ತು. ಇಲ್ಲದ ಹೆಡ್‌ಫೋನ್‌ಗೆ ಸದ್ದು ಹೋಗ್ತಾ ಇತ್ತು. ಅಲ್ಸಾಮಿಕ್ಸರ್‌ನಲ್ಲಿ ‘ಆಟೋ ಮ್ಯೂಟ್ ಮೋಡ್’ ಆಫ್ ಮಾಡಿದ ಕೂಡಲೇ ಹಿಂದಿನ ಸ್ಪೀಕರ್ ಮಾತಾಡಿತು. ಆಗ ಅವನ ಮುಖ ನೋಡಬೇಕಿತ್ತು.

ವಿಂಡೋಸ್‌ಗೂ ಸರಿಹೋಗಲಿ ಅಂತ ಕ್ಯಾಬಿನೆಟ್ ತೆರೆದೆವು. ನಾವೆಲ್ಲ ಸಿಪಿಯು ಸಿಪಿಯು ಅಂತ ಕರೆಯೋ ಡಬ್ಬ ಇದೇ. ತೆರೆಯೋ ಮುಂಚೆ ಸ್ವಿಚ್ ಆಫ್ ಮಾಡಿ, ಪವರ್ ವೈರು ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಕ್ಯಾಬಿನೆಟ್‌ನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ. ಪವರ್ ಸಪ್ಲೈ ಡಬ್ಬಿಯನ್ನ ಮಾತ್ರ ಯಾವತ್ತೂ ಬಿಚ್ಚಬೇಡಿ, ಒಳಗಿನ ಕೆಪಾಸಿಟರ್‌ಗಳಲ್ಲಿ ವೈರು ಕಿತ್ತ ಮೇಲೂ ಚಾರ್ಜ್ ಇರುತ್ತೆ. ಮುಂಭಾಗದ ತೂತುಗಳಿಂದ ಬರುವ ವೈರಿನ ತುದಿಯಲ್ಲಿ ಎಚ್‌ಡಿ ಆಡಿಯೋ ಅಂತ ಬರೆದ ಕನೆಕ್ಟರ್ ಇರುತ್ತೆ. ಅದು ಕೂರೋದು ಬೋರ್ಡ್ ಮೇಲಿನ ಒಂಬತ್ತು ಕಡ್ಡಿಗಳ ಮೇಲೆ. ಹತ್ತರ ಜಾಗದಲ್ಲಿ ಒಂದು ಕಡ್ಡಿ ಬೇಕಂತಲೇ ಬಿಟ್ಟಿರುತ್ತಾರೆ, ತಿರುಗಾಮುರುಗಾ ಕೂರಬಾರದು ಅಂತ. ಯುಎಸ್‌ಬಿಗೂ ಒಂಬತ್ತು ಕಡ್ಡಿಯೇ, ಆದರೆ ಬಿಟ್ಟ ಜಾಗ ಬೇರೆ. ಒತ್ತಾಯ ಮಾಡಿ ಕೂರಿಸಬೇಕಾದ ಪರಿಸ್ಥಿತಿ ಬಂದರೆ ಅದು ಸರಿಯಾದ ಜಾಗ ಅಲ್ಲ ಅಂತ ತಿಳಿಯಿರಿ. ನಾವು ಆ ಕನೆಕ್ಟರ್ ಕಿತ್ತು ಬದಿಗಿಟ್ಟೆವು. ಮುಂಭಾಗದ ತೂತು ಹೋಯ್ತು, ಹಿಂದಿನದು ಬಂತು. ಖರ್ಚು ಸೊನ್ನೆ. ಅಂಗಡಿಯವರು ಮೋಸ ಮಾಡಿದರು ಅಂತ ನಾವು ಹೇಳೋಕೆ ಹೋಗಲ್ಲ, ಅವರಿಗೆ ಒಂದು ಡಬ್ಬದ ಮೇಲೆ ಒಂದು ಗಂಟೆ ಕಳೆಯೋದು ಗಿಟ್ಟಲ್ಲ. ನಮಗೆ ಗಿಟ್ಟುತ್ತೆ.

ಚಿಪ್ ನಿಜವಾಗಲೂ ಸತ್ತಿದ್ದರೂ ಬೋರ್ಡ್ ಬದಲಾಯಿಸಬೇಕಾಗಿಲ್ಲ. ಸದ್ದಿಗೆ ಮಾತ್ರ ತೊಂದರೆ, ಉಳಿದದ್ದೆಲ್ಲ ಸರಿ ಅಂದರೆ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಸಾಕು. ಹೆಬ್ಬೆರಳಿನಷ್ಟು ದೊಡ್ಡದು, ಕೆಲವೇ ನೂರು ರೂಪಾಯಿ. ಅದರೊಳಗೆ ತನ್ನದೇ ಚಿಪ್ ಇರೋದರಿಂದ ಬೋರ್ಡ್‌ನ ಚಿಪ್ಪಿನ ಹಂಗೇ ಇರಲ್ಲ, ವಿಂಡೋಸ್‌ಗೂ ಲಿನಕ್ಸ್‌ಗೂ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಡ. ಹಿಂಭಾಗದ ಯುಎಸ್‌ಬಿಗೆ ಚುಚ್ಚಿ, ಸ್ಪೀಕರ್ ಪಿನ್ನನ್ನ ಅದಕ್ಕೆ ಹಾಕಿ, ಪ್ಲೇಬ್ಯಾಕ್ ಪಟ್ಟಿಯಲ್ಲಿ ಅದನ್ನೇ ಡೀಫಾಲ್ಟ್ ಮಾಡಿ. ಅಂಗಡಿಗೇ ಹೋಗಬೇಕಾಗಿ ಬಂದರೆ ‘ಸೌಂಡ್ ಬರ್ತಿಲ್ಲ’ ಅಂತ ಮಾತ್ರ ಹೇಳಬೇಡಿ. ಬೆರಳು ಮುಟ್ಟಿದಾಗ ಸ್ಪೀಕರ್ ಗುಂಯ್ ಅಂತು, ಮೀಟರ್ ಕುಣೀತಿದೆ, ಪೆನ್‌ಡ್ರೈವ್ ಲಿನಕ್ಸ್‌ನಲ್ಲೂ ಇಲ್ಲ, ಮುಂಭಾಗದ ಕನೆಕ್ಟರ್ ಕಿತ್ತು ನೋಡಿದ್ದೀವಿ, ಯುಎಸ್‌ಬಿ ಕಾರ್ಡ್‌ನಲ್ಲಿ ಬರುತ್ತೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ.

ಪೆನ್‌ಡ್ರೈವ್ ಕನ್ನಡ ಸಂಘದ ರೂಮಿನ ಡ್ರಾಯರ್‌ನಲ್ಲಿದೆ. ಬೇಕಾದವರು ರಿಜಿಸ್ಟರ್‌ನಲ್ಲಿ ಹೆಸರು, ರೂಮ್ ನಂಬರ್ ಬರೆದು ತಗೊಂಡು ಹೋಗಬಹುದು, ಎರಡು ದಿನದೊಳಗೆ ವಾಪಸ್ ಇಡಿ.